ಬರ್ಲಿನ್‌ನಲ್ಲಿ ಒಂದು ದಿನ: 1938ರ ನವೆಂಬರ್ ರಾತ್ರಿಯನ್ನು ನಡೆದು ನೋಡುವುದು ಹೇಗೆ

ಬರ್ಲಿನ್‌ಗೆ ಬರುವ ನೆಂಟರು, ಸ್ನೇಹಿತರು ಎಲ್ಲರೂ ನನ್ನನ್ನು ಮೊದಲು ಕೇಳುವುದು ಒಂದೇ. "ಹಿಟ್ಲರ್ ಇದ್ದ ಜಾಗ ಎಲ್ಲಿದೆ?" ಅವನ ಬಂಕರ್ ಇದ್ದ ಕಡೆ ಈಗ ಕಾರು ನಿಲ್ಲಿಸುತ್ತಾರೆ. ಒಂದು ಫಲಕ ಇದೆ, ಅಷ್ಟೇ. ಐದು ನಿಮಿಷ ನಿಂತು ಬರಬಹುದು, ಆದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಬೇರೆ ದಾರಿ ಮಾಡಿಕೊಂಡಿದ್ದೇನೆ. ಒಂದು ಇಡೀ ದಿನ, ಐದಾರು ಜಾಗ, ಒಂದೇ ರಾತ್ರಿಯ ಸುತ್ತ.

ಆ ರಾತ್ರಿ 1938ರ ನವೆಂಬರ್ 9–10. ಜರ್ಮನಿ, ಆಸ್ಟ್ರಿಯಾ ತುಂಬ 1,400ಕ್ಕೂ ಹೆಚ್ಚು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮತ್ತು ಪ್ರಾರ್ಥನಾ ಕೋಣೆಗಳಿಗೆ ಬೆಂಕಿ ಬಿತ್ತು ಅಥವಾ ಅವನ್ನು ಒಡೆದು ಹಾಕಿದರು. ಯಹೂದಿಗಳ ಸುಮಾರು 7,500 ಅಂಗಡಿಗಳು ಪುಡಿಯಾದವು. ಸುಮಾರು 30,000 ಗಂಡಸರನ್ನು ಹಿಡಿದು ಡಖಾವ್, ಬುಖೆನ್‌ವಾಲ್ಡ್, ಸಾಕ್ಸೆನ್‌ಹೌಸೆನ್ ಕ್ಯಾಂಪ್‌ಗಳಿಗೆ ಸಾಗಿಸಿದರು. ಹಿಟ್ಲರ್‌ನ ನಾಜಿ ಸರಕಾರ ಒಪ್ಪಿಕೊಂಡ ಸಾವು 91. ನಿಜವಾಗಿ ಸತ್ತವರು ನೂರಾರು. ರಸ್ತೆ ತುಂಬ ಗಾಜಿನ ಚೂರು ಮಿನುಗುತ್ತಿತ್ತು ಅಂತ ಇದಕ್ಕೆ ಕ್ರಿಸ್ಟಾಲ್‌ನಾಖ್ಟ್, ಅಂದರೆ ಹರಳಿನ ರಾತ್ರಿ ಎಂಬ ಹೆಸರು ಬಂತು. ಇಲ್ಲಿ ಈಗ ತುಂಬ ಜನ ಆ ಹೆಸರು ಹೇಳುವುದಿಲ್ಲ. ನವೆಂಬರ್ ಪೋಗ್ರೋಮ್ ಅನ್ನುತ್ತಾರೆ, ಅಂದರೆ ಒಂದು ಸಮುದಾಯದ ಮೇಲಿನ ಸಾಮೂಹಿಕ ದಾಳಿ. ನನಗೂ ಅದೇ ಸರಿ ಅನ್ನಿಸುತ್ತದೆ. ಮೊದಲ ಹೆಸರು ಕೇಳಿದರೆ ಯಾವುದೋ ಒಡವೆ ಅಂಗಡಿಯ ಜಾಹೀರಾತಿನ ಹಾಗಿದೆ.

ಈ ದಾರಿ ನನಗೆ ಸರಿಯಾಗಿ ಹೊಂದಿಕೊಂಡಿದ್ದು ಮಾವ ಬಂದಾಗ. ನನ್ನ ಗಂಡನ ತಂದೆ. ಮೂವತ್ತು ವರ್ಷ ವಿಮೆ ಕಂಪನಿಯಲ್ಲಿ ಸರ್ವೇಯರ್ ಆಗಿದ್ದವರು. ಬೆಂಕಿ ಬಿದ್ದ ಗೋದಾಮು, ಒಡೆದ ಗಾಜು, ಸುಳ್ಳು ಕ್ಲೇಮು, ಇದೇ ಅವರ ಜೀವನ. ಅಲ್ಲಿಯವರೆಗೆ ನಾನು ಜನರಿಗೆ ಬೆಂಕಿ ತೋರಿಸುತ್ತಿದ್ದೆ. ಅವತ್ತಿನಿಂದ ಕಾಗದ ತೋರಿಸುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮೊದಲು

ಎರಡು ಕಾಗದ ಪ್ರಿಂಟ್ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿದ್ದರೆ ಸಾಲದು. ಕೈಯಲ್ಲಿ ಕಾಗದ ಇದ್ದರೆ ಜನ ಓದುತ್ತಾರೆ, ಫೋನಿನಲ್ಲಿದ್ದರೆ ಸುಮ್ನೆ ಬೆರಳಾಡಿಸುತ್ತಾರೆ.

ಮೊದಲನೆಯದು, ನಾಜಿ ಭದ್ರತಾ ಪೊಲೀಸ್ ಮುಖ್ಯಸ್ಥ ರೈನ್‌ಹಾರ್ಟ್ ಹೈಡ್ರಿಖ್ ನವೆಂಬರ್ 10ರ ಬೆಳಗಿನ ಜಾವ 1 ಗಂಟೆ 20 ನಿಮಿಷಕ್ಕೆ ಕಳಿಸಿದ ತಂತಿ, ಅಂದರೆ ಟೆಲಿಗ್ರಾಂ. ಅನುವಾದ ಸುಲಭವಾಗಿ ಸಿಗುತ್ತದೆ. ಎರಡನೆಯದು, ಡಾರ್ಮ್‌ಸ್ಟಾಟ್ ಹತ್ತಿರದ ಓಬರ್-ರಾಮ್‌ಸ್ಟಾಟ್ ಎಂಬ ಚಿಕ್ಕ ಊರಿನ ಸಿನಗಾಗ್ ಉರಿಯುತ್ತಿರುವ ಫೋಟೋ. ಅದೂ ಅದೇ ದಿನದ್ದು.

ಬರ್ಲಿನ್‌ನ ಎ-ಬಿ ವಲಯದ ದಿನದ ಟಿಕೆಟ್ ತೆಗೆದುಕೊಂಡರೆ ಸಾಕು, ಎಲ್ಲ ಜಾಗವೂ ಅದರೊಳಗೇ ಬರುತ್ತದೆ. ಶನಿವಾರ ಬೇಡ. ನಾನು ಒಮ್ಮೆ ಆರು ಜನರನ್ನು ಕಟ್ಟಿಕೊಂಡು ಶನಿವಾರ ಹೊಸ ಸಿನಗಾಗ್ ಬಾಗಿಲಿಗೆ ಹೋಗಿ ನಿಂತಿದ್ದೆ. ಯಹೂದಿಗಳ ವಾರದ ವಿಶ್ರಾಂತಿ ದಿನ ಶನಿವಾರ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಸುಮ್ನೆ ತಲೆಗೆ ಹೊಳೆಯಲಿಲ್ಲ. ನವೆಂಬರ್‌ನಲ್ಲಿ ಬಂದರೆ ಬೆಳಗ್ಗೆ ಒಂಬತ್ತಕ್ಕೇ ಹೊರಡಿ. ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ, ಕೊನೆಯ ಜಾಗಕ್ಕೆ ಬೆಳಕು ಬೇಕು.

ಹತ್ತು ವರ್ಷದೊಳಗಿನ ಮಕ್ಕಳನ್ನು ಇಡೀ ದಿನ ಎಳೆದಾಡಬೇಡಿ. ಅವರಿಗೆ ಮೊದಲ ಜಾಗ ಸಾಕು.

ಮೊದಲ ಜಾಗ: ದೀಪದ ಕಂಬಗಳು

ಯು4 ಅಥವಾ ಯು7 ಮೆಟ್ರೋದಲ್ಲಿ ಬಾಯರಿಷರ್ ಪ್ಲಾಟ್ಸ್‌ಗೆ ಬನ್ನಿ. ಶೋನೆಬರ್ಗ್ ಭಾಗದ ಬವೇರಿಯನ್ ಕ್ವಾರ್ಟರ್ ಅಂದರೆ ಇದೇ. ಆಗ ಇಲ್ಲಿ ಡಾಕ್ಟರು, ವಕೀಲರು, ಪ್ರೊಫೆಸರುಗಳು ಜಾಸ್ತಿ ಇದ್ದರು. ತುಂಬ ಮನೆಗಳು ಯಹೂದಿಗಳವು. ಐನ್‌ಸ್ಟೈನ್ ಇದ್ದದ್ದೂ ಇಲ್ಲೇ, ಹಾಬರ್‌ಲಾಂಡ್ ರಸ್ತೆಯಲ್ಲಿ.

ನೋಡಲು ಏನೂ ಇಲ್ಲ ಅನ್ನಿಸುತ್ತದೆ. ಮರ, ಬೇಕರಿ, ನಾಯಿ ಕರೆದುಕೊಂಡು ಹೋಗುವ ಅಜ್ಜಿಯರು. ಈಗ ತಲೆ ಎತ್ತಿ ದೀಪದ ಕಂಬ ನೋಡಿ. ಒಂದು ಕಡೆ ಮಕ್ಕಳ ಪುಸ್ತಕದಲ್ಲಿ ಇರುವಂಥ ಚಂದದ ಚಿತ್ರ. ಇನ್ನೊಂದು ಕಡೆ ಒಂದು ಸಾಲು ಮತ್ತು ತಾರೀಕು. ರೆನಾಟಾ ಶ್ಟೀ ಮತ್ತು ಫ್ರೀಡರ್ ಶ್ನೋಕ್ ಎಂಬ ಕಲಾವಿದರು 1993ರಲ್ಲಿ ಇಂಥ 80 ಫಲಕ ಹಾಕಿದರು. ಬ್ರೆಡ್ಡಿನ ಚಿತ್ರದ ಹಿಂದೆ: ಬರ್ಲಿನ್‌ನಲ್ಲಿ ಯಹೂದಿಗಳು ಮಧ್ಯಾಹ್ನ 4ರಿಂದ 5ರವರೆಗೆ ಮಾತ್ರ ಆಹಾರ ಸಾಮಾನು ಕೊಳ್ಳಬಹುದು, 4.7.1940. ಇನ್ನೊಂದರಲ್ಲಿ: ಈಜುಕೊಳಗಳಿಗೆ ಯಹೂದಿಗಳು ಹೋಗುವಂತಿಲ್ಲ, 3.12.1938. ಮತ್ತೊಂದರಲ್ಲಿ: ಯಹೂದಿಗಳ ಟೆಲಿಫೋನ್ ಸಂಪರ್ಕವನ್ನು ಅಂಚೆ ಇಲಾಖೆ ಕಡಿದುಹಾಕುತ್ತದೆ. ಬೆಕ್ಕಿನ ಹಿಂದೆ: ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ. ಎಲ್ಲವೂ ನಿಜವಾಗಿ ಜಾರಿಯಲ್ಲಿದ್ದ ಆಜ್ಞೆಗಳು. ಹೊಸದಾಗಿ ಹಾಕಿದಾಗ ಜನ ಇವನ್ನು ಈಗಿನ ದ್ವೇಷದ ಬೋರ್ಡು ಅಂತ ತಿಳಿದು ಪೊಲೀಸರಿಗೆ ಫೋನ್ ಮಾಡಿದ್ದರಂತೆ. ಆಮೇಲೆ ಕೆಳಗೆ ಚಿಕ್ಕದೊಂದು ವಿವರಣೆ ಸೇರಿಸಿದರು.

ಇಲ್ಲಿ ಮಾಡಬೇಕಾದ ಕೆಲಸ ಇದು. ಜೊತೆಯಲ್ಲಿರುವ ಪ್ರತಿಯೊಬ್ಬರೂ ಹತ್ತು ಫಲಕ ಹುಡುಕಿ ತಾರೀಕಿನ ಜೊತೆ ಬರೆದುಕೊಳ್ಳಲಿ. ಜರ್ಮನ್ ಬರದಿದ್ದರೆ ಫೋನಿನ ಕ್ಯಾಮೆರಾ ಅನುವಾದ ಮಾಡುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಚೌಕದ ಬೆಂಚಿನಲ್ಲಿ ಸೇರಿ, ಎಲ್ಲವನ್ನೂ ತಾರೀಕಿನ ಸಾಲಿಗೆ ಜೋಡಿಸಿ. ಮಾವ ತಮ್ಮ ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದರು: ತಾರೀಕು, ಏನು ಕಿತ್ತುಕೊಂಡರು, ಯಾರು ಜಾರಿ ಮಾಡಬೇಕು. ಮೂರನೆಯ ಕಾಲಂ ನನಗೆ ಹೊಳೆದೇ ಇರಲಿಲ್ಲ. ಶಾಲೆಯ ಹೆಡ್‌ಮಾಸ್ಟರ್, ಅಂಚೆಯವನು, ಈಜುಕೊಳದ ಟಿಕೆಟ್ ಕೊಡುವವನು, ದಿನಸಿ ಅಂಗಡಿಯವನು. "ಇವರಲ್ಲಿ ಒಬ್ಬನ ಕೈಯಲ್ಲೂ ಬಂದೂಕಿಲ್ಲ ನೋಡು" ಅಂದರು.

ಆ ಬೆಂಚಿನ ಬಗ್ಗೆಯೂ ಒಂದು ಫಲಕ ಇದೆ. ಈ ಚೌಕದಲ್ಲಿ ಹಳದಿ ಗುರುತಿನ ಬೆಂಚಿನ ಮೇಲೆ ಮಾತ್ರ ಯಹೂದಿಗಳು ಕೂರಬಹುದು, 1939. ಅದನ್ನು ಕೂತ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಯಾರೂ ಕೂರುವುದಿಲ್ಲ.

ಕಾಲ ಕೆಳಗಿನ ಹಿತ್ತಾಳೆ

ಹೊರಡುವ ಮೊದಲು ಪಕ್ಕದ ಬೀದಿಗಳಲ್ಲಿ ನೆಲ ನೋಡಿ ನಡೆಯಿರಿ. ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆ ಮುಖದ ಕಲ್ಲುಗಳು ಕಾಣುತ್ತವೆ. ಶ್ಟೋಲ್ಪರ್‌ಶ್ಟೈನ್, ಎಡವುವ ಕಲ್ಲು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ್ದು. ಯುರೋಪಿನಾದ್ಯಂತ ಈಗ ಒಂದು ಲಕ್ಷ ದಾಟಿದೆ. ಸತ್ತವರು ತಾವಾಗಿ ಆರಿಸಿಕೊಂಡಿದ್ದ ಕೊನೆಯ ಮನೆಯ ಮುಂದೆ ಹಾಕುತ್ತಾರೆ.

ಓದಲು ನಾಲ್ಕೈದು ಪದ ಸಾಕು. ಹೀರ್ ವೋನ್‌ಟೆ: ಇಲ್ಲಿ ವಾಸವಿದ್ದರು. ಯಾರ್‌ಗಾಂಗ್ (ಕಲ್ಲಿನ ಮೇಲೆ ಎರಡೇ ಅಕ್ಷರ): ಹುಟ್ಟಿದ ವರ್ಷ. ಡೆಪೋರ್ಟೀರ್ಟ್: ಗಡೀಪಾರು. ಎರ್‌ಮೋರ್ಡೆಟ್: ಕೊಂದರು. ಫ್ಲುಖ್ಟ್: ತಪ್ಪಿಸಿಕೊಂಡು ಹೋದರು. ನಮ್ಮ ರಾತ್ರಿಗೆ ಬೇಕಾದ ಪದ ಫೆರ್‌ಹಾಫ್ಟೆಟ್, ಅಂದರೆ ಬಂಧನ. ಅದರ ಮುಂದೆ 1938ರ ನವೆಂಬರ್ ತಾರೀಕು, ಕೆಳಗೆ ಸಾಕ್ಸೆನ್‌ಹೌಸೆನ್ ಅಂತ ಇದ್ದರೆ ಅಲ್ಲೇ ನಿಲ್ಲಿ. ಬರ್ಲಿನ್ ಉತ್ತರದ ಆ ಕ್ಯಾಂಪಿಗೆ ಅವತ್ತು ಸುಮಾರು 6,000 ಜನರನ್ನು ಹಾಕಿದ್ದರು. ದೇಶ ಬಿಟ್ಟು ಹೋಗುತ್ತೇನೆ ಅಂತ ಒಪ್ಪಿದವರನ್ನು ವಾರಗಳ, ತಿಂಗಳುಗಳ ನಂತರ ಬಿಟ್ಟರು. ಕೆಲವು ಕಲ್ಲುಗಳಲ್ಲಿ ಮುಂದಿನ ಸಾಲು ಇಂಗ್ಲೆಂಡ್, ಶಾಂಘೈ. ಶಾಂಘೈ ಯಾಕೆ ಅಂದರೆ ಅಲ್ಲಿಗೆ ಇಳಿಯಲು ಆಗ ವೀಸಾ ಬೇಕಿರಲಿಲ್ಲ. ಆ ವರ್ಷ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳು ಸೇರಿ ಈ ನಿರಾಶ್ರಿತರ ಬಗ್ಗೆ ಒಂಬತ್ತು ದಿನ ಮಾತಾಡಿದವು. ಅಯ್ಯೋ ಪಾಪ ಅಂದವರೇ ಹೆಚ್ಚು, ಬಾಗಿಲು ತೆರೆದವರು ಕಮ್ಮಿ.

ನಮ್ಮ ಕಟ್ಟಡದ ಮುಂದೆಯೂ ಎರಡು ಕಲ್ಲಿವೆ. ಎರಡು ವರ್ಷ ಅವುಗಳ ಮೇಲೇ ಓಡಾಡಿದ್ದೆ, ಕಪ್ಪಾಗಿದ್ದವು, ಕಾಣಲಿಲ್ಲ. ಒಂದು ನವೆಂಬರ್ 9ರ ಸಂಜೆ ಕೆಳಗಿನ ಮನೆಯ ಅಜ್ಜಿ ಮಂಡಿಯೂರಿ ಉಜ್ಜುತ್ತಿದ್ದರು. ಆ ದಿನ ಊರೆಲ್ಲ ಹೀಗೆ ಉಜ್ಜಿ, ಮೇಣದಬತ್ತಿ ಇಡುತ್ತಾರೆ. ಹಿತ್ತಾಳೆ ನೋಡಿದ ಕೂಡಲೇ ನಾನು ಹುಣಸೆಹಣ್ಣು ತರಲಾ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅವರು ಹೇಳಿಕೊಟ್ಟ ರೀತಿ ಇದು. ಮೊದಲು ನೀರು ಹಾಕಿ ಸ್ಪಂಜಿನಲ್ಲಿ ಮಣ್ಣು ತೆಗೆಯಿರಿ. ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಾಲಿಶ್ ತೆಳ್ಳಗೆ ಹಚ್ಚಿ ಕೆಲವು ನಿಮಿಷ ಬಿಡಿ. ಮೆತ್ತನೆ ಬಟ್ಟೆಯಲ್ಲಿ ಉಜ್ಜಿ, ಮತ್ತೆ ನೀರಿನಲ್ಲಿ ಒರೆಸಿ, ಒಣಬಟ್ಟೆ ಹಾಕಿ. ತಂತಿ ಬ್ರಷ್ ಬೇಡವೇ ಬೇಡ, ಅಕ್ಷರ ಸವೆಯುತ್ತದೆ. ಯಾರ ಅನುಮತಿಯೂ ಬೇಡ. ಪಾಲಿಶ್ ಬ್ಯಾಗಿನಲ್ಲಿದ್ದರೆ ದಾರಿಯಲ್ಲಿ ಕಪ್ಪಾದ ಒಂದು ಕಲ್ಲನ್ನು ಉಜ್ಜಿ ಮುಂದೆ ಹೋಗಿ. ಅಕ್ಷರ ಒಂದೊಂದೇ ಮೇಲೆ ಬರುವಾಗ ಜನ ಮಾತು ನಿಲ್ಲಿಸುತ್ತಾರೆ.

ಫಾಸಾನೆನ್ ರಸ್ತೆ, ಮತ್ತು ಆ ಫೋಟೋ

ಯು4 ಹಿಡಿದು ನೋಲೆನ್‌ಡಾರ್ಫ್‌ಪ್ಲಾಟ್ಸ್, ಅಲ್ಲಿಂದ ಯು1ನಲ್ಲಿ ಊಲಾಂಡ್‌ಶ್ಟ್ರಾಸೆ. ಎರಡು ಹೆಜ್ಜೆ ಹಾಕಿದರೆ ಫಾಸಾನೆನ್ ರಸ್ತೆಯ 79–80ನೇ ನಂಬರ್. 1912ರಲ್ಲಿ ತೆರೆದ ದೊಡ್ಡ ಸಿನಗಾಗ್ ಇಲ್ಲಿತ್ತು. ಆ ರಾತ್ರಿ ಸುಟ್ಟರು. ಈಗ ಇರುವುದು 1959ರಲ್ಲಿ ಕಟ್ಟಿದ ಯಹೂದಿ ಸಮುದಾಯ ಭವನ. ಅದರ ಮುಖಕ್ಕೆ ಹಳೆಯ ಸಿನಗಾಗಿನ ಕಲ್ಲಿನ ಬಾಗಿಲುವಾಡ ಹಾಗೇ ಉಳಿಸಿಕೊಂಡಿದ್ದಾರೆ. ಹೊರಗೆ ಪೊಲೀಸರು ನಿಂತಿರುತ್ತಾರೆ. ಅವರ ಫೋಟೋ ತೆಗೆಯಬೇಡಿ, ಕಾವಲು ಯಾಕೆ ಅಂತಲೂ ಅವರನ್ನು ಕೇಳಬೇಡಿ.

ಎದುರಿನ ಕಾಲುದಾರಿಯಲ್ಲಿ ನಿಂತು ಓಬರ್-ರಾಮ್‌ಸ್ಟಾಟ್ ಫೋಟೋ ತೆಗೆಯಿರಿ. ಬೇರೆ ಊರಿನದು ನಿಜ, ಆದರೆ ನಡೆದ ರೀತಿ ಒಂದೇ. ಫೋಟೋ ಕೊಟ್ಟು ಏನೂ ಹೇಳಬೇಡಿ. "ಏನು ಕಾಣುತ್ತದೆ?" ಅಂತ ಕೇಳಿ. ಎಲ್ಲರೂ ಮೊದಲು ಬೆಂಕಿ ಅನ್ನುತ್ತಾರೆ. ಆಮೇಲೆ ನೋಡುತ್ತ ನಿಂತ ಜನ. ಆಮೇಲೆ ಅಗ್ನಿಶಾಮಕದವರು. ಕೊನೆಗೆ ನೀರು. ನೀರು ಎತ್ತ ಹೋಗುತ್ತಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ. ಪಕ್ಕದ ಮನೆಗೆ ಹೋಗುತ್ತಿದೆ. ಸಿನಗಾಗಿನ ಮೇಲೆ ಒಂದು ಹನಿ ಇಲ್ಲ.

ಮಾವ ಕನ್ನಡಕ ಮೇಲೆ ಮಾಡಿ, ಹತ್ತಿರ ಹಿಡಿದು, ತುಂಬ ಹೊತ್ತು ನೋಡಿದರು. "ಬೇಲಿಯೇ ಎದ್ದು ಹೊಲ ಮೇಯೋದು ಅಂತ ಕೇಳಿದ್ದೆ" ಅಂದರು. ಆಮೇಲೆ ಸರ್ವೇಯರ್ ಎದ್ದು ಕೂತ. "ಇದು ದೊಂಬಿ ಅಲ್ಲಮ್ಮ. ದೊಂಬಿಯಲ್ಲಿ ಪಕ್ಕದ ಮನೆಯೂ ಸುಡುತ್ತೆ. ನಾನು ನೋಡಿದೀನಿ."

ಊಟ ಇಲ್ಲೇ ಮುಗಿಸಿ. ಕುರ್‌ಫುರ್‌ಸ್ಟೆನ್‌ಡಾಮ್ ಹತ್ತಿರದಲ್ಲೇ ಇದೆ. ಅವತ್ತು ಆ ರಸ್ತೆಯ ಎರಡೂ ಬದಿಯ ಯಹೂದಿ ಅಂಗಡಿಗಳ ಗಾಜು ನೆಲದಲ್ಲಿತ್ತು. ಈಗ ದುಬಾರಿ ಕೈಚೀಲ ಮಾರುತ್ತಾರೆ.

ತಂತಿಯನ್ನು ಓದುವುದು ಹೇಗೆ

ಯು1ರಲ್ಲಿ ವಿಟೆನ್‌ಬರ್ಗ್‌ಪ್ಲಾಟ್ಸ್‌ವರೆಗೆ, ಅಲ್ಲಿಂದ ಯು2ರಲ್ಲಿ ಪೋಟ್ಸ್‌ಡಾಮರ್ ಪ್ಲಾಟ್ಸ್. ಹತ್ತು ನಿಮಿಷ ನಡೆದರೆ ಟೊಪೊಗ್ರಾಫಿ ಆಫ್ ಟೆರರ್. ಪ್ರಿನ್ಸ್-ಆಲ್ಬ್ರೆಖ್ಟ್ ರಸ್ತೆ 8, ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋದ ಮುಖ್ಯ ಕಚೇರಿ ಇದ್ದ ಜಾಗ. ಪ್ರವೇಶ ಉಚಿತ. ಒಳಗೆ ಹೋದರೆ ಎರಡು ಗಂಟೆ ಬೇಕು. ನಾನು ಒಳಗೆ ಅರ್ಧ ಗಂಟೆ ಮಾತ್ರ ಕೊಡುತ್ತೇನೆ, ಉಳಿದ ಹೊತ್ತು ಹೊರಗೆ ಕೂರಿಸುತ್ತೇನೆ.

ಓದುವ ಮೊದಲು ಹಿಂದಿನ ಹದಿನೈದು ದಿನ ಹೇಳಿಬಿಡಿ. ಅಕ್ಟೋಬರ್ ಕೊನೆಗೆ ಜರ್ಮನಿಯಲ್ಲಿದ್ದ ಸುಮಾರು 17,000 ಪೋಲಿಷ್ ಯಹೂದಿಗಳನ್ನು ರೈಲಿಗೆ ತುಂಬಿ ಗಡಿಗೆ ತಳ್ಳಿದರು. ಪೋಲೆಂಡ್ ಒಳಗೆ ಬಿಡಲು ತಕರಾರು ಮಾಡಿತು. ಜ್ಬೊಂಶಿನ್ ಎಂಬ ಗಡಿ ಊರಿನಲ್ಲಿ ಸಾವಿರಾರು ಜನ ಚಳಿಯಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಹಾನೋವರ್‌ನ ಒಂದು ಕುಟುಂಬದ ಮಗ ಪ್ಯಾರಿಸ್‌ನಲ್ಲಿದ್ದ. ಹೆರ್ಷೆಲ್ ಗ್ರಿನ್‌ಶ್ಪಾನ್, 17 ವರ್ಷ. ಮನೆಯವರಿಂದ ಕಾಗದ ಬಂತು. ನವೆಂಬರ್ 7ರಂದು ಪಿಸ್ತೂಲು ಕೊಂಡು, ಜರ್ಮನ್ ರಾಯಭಾರ ಕಚೇರಿಗೆ ಹೋಗಿ, ಎರ್ನ್‌ಸ್ಟ್ ಫೋಮ್ ರಾಟ್ ಎಂಬ ಅಧಿಕಾರಿಗೆ ಗುಂಡು ಹಾರಿಸಿದ. 9ರಂದು ಆ ಅಧಿಕಾರಿ ಸತ್ತ. ಹಿಟ್ಲರ್ ಮತ್ತು ನಾಜಿ ಪಕ್ಷದ ಹಳಬರು ಅವತ್ತು ಮ್ಯೂನಿಕ್‌ನಲ್ಲಿ ಸೇರಿದ್ದರು, 1923ರಲ್ಲಿ ತಾವು ನಡೆಸಿ ಸೋತ ದಂಗೆಯ ನೆನಪಿಗೆ. ರಾತ್ರಿ ಸುಮಾರು ಹತ್ತಕ್ಕೆ ಪ್ರಚಾರ ಮಂತ್ರಿ ಗೊಬೆಲ್ಸ್ ಎದ್ದು ಭಾಷಣ ಮಾಡಿದ. ಪಕ್ಷ ತಾನಾಗಿ ಏನೂ ಹಮ್ಮಿಕೊಳ್ಳುವುದಿಲ್ಲ, ಆದರೆ ಜನ ತಾವಾಗಿ ಎದ್ದರೆ ತಡೆಯುವುದೂ ಇಲ್ಲ ಅನ್ನುವುದು ಅದರ ಸಾರ. ಕೂತವರಿಗೆ ಅರ್ಥವಾಯಿತು. ಎದ್ದು ಹೋಗಿ ತಮ್ಮ ತಮ್ಮ ಜಿಲ್ಲೆಗಳಿಗೆ ಫೋನ್ ಮಾಡಿದರು. ಬೀದಿಗಿಳಿದ ಪಕ್ಷದ ಪಡೆಯವರಲ್ಲಿ ತುಂಬ ಜನ ಸಮವಸ್ತ್ರ ಬಿಚ್ಚಿಟ್ಟು ಮಾಮೂಲಿ ಬಟ್ಟೆ ಹಾಕಿಕೊಂಡು ಬಂದರು, ಜನರೇ ಎದ್ದ ಹಾಗೆ ಕಾಣಲಿ ಅಂತ.

ಈಗ ತಂತಿ. ರಾತ್ರಿ 11:55ಕ್ಕೆ ಗೆಸ್ಟಾಪೋದ ಹಿರಿಯ ಅಧಿಕಾರಿ ಮ್ಯೂಲರ್‌ನ ಒಂದು ಸಂದೇಶ ಹೋಗಿತ್ತು. 20ರಿಂದ 30 ಸಾವಿರ ಯಹೂದಿಗಳ ಬಂಧನಕ್ಕೆ ತಯಾರಾಗಿ ಅಂತ ಅದರಲ್ಲೇ ಇತ್ತು. 1:20ಕ್ಕೆ ಹೈಡ್ರಿಖ್‌ನ ತಂತಿ. ಅಷ್ಟು ಹೊತ್ತಿಗೆ ಎಷ್ಟೋ ಕಡೆ ಬೆಂಕಿ ಬಿದ್ದಾಗಿತ್ತು. ಹಾಗಾಗಿ ಈ ಕಾಗದದಿಂದ ಬೆಂಕಿ ಶುರುವಾಯಿತು ಅಂತ ಹೇಳಬೇಡಿ, ತಪ್ಪಾಗುತ್ತದೆ. ಪಕ್ಷ ಹಚ್ಚಿತು, ಪೊಲೀಸ್ ಇಲಾಖೆ ಅದಕ್ಕೆ ನಿಯಮ ಬರೆಯಿತು.

ಒಬ್ಬೊಬ್ಬರು ಒಂದೊಂದು ಅಂಶ ಜೋರಾಗಿ ಓದಲಿ. ಜರ್ಮನ್ನರ ಜೀವ, ಆಸ್ತಿಗೆ ಅಪಾಯ ಆಗಬಾರದು. ಸುತ್ತಲಿನ ಕಟ್ಟಡಕ್ಕೆ ತಗಲುವ ಭಯ ಇಲ್ಲದ ಕಡೆ ಮಾತ್ರ ಸಿನಗಾಗ್ ಸುಡಬಹುದು. ಅಂಗಡಿ, ಮನೆ ಒಡೆಯಬಹುದು, ಲೂಟಿ ಮಾಡಬಾರದು. ವಿದೇಶಿಯರನ್ನು ಮುಟ್ಟಬಾರದು, ಅವರು ಯಹೂದಿಗಳಾದರೂ ಸರಿ. ಸಿನಗಾಗಿನಲ್ಲಿರುವ ಹಳೆಯ ದಾಖಲೆಗಳನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳಬೇಕು. ಇರುವ ಜೈಲುಗಳಲ್ಲಿ ಹಿಡಿಸುವಷ್ಟು ಯಹೂದಿಗಳನ್ನು, ಮುಖ್ಯವಾಗಿ ಹಣವಂತರನ್ನು ಹಿಡಿಯಬೇಕು. ಸದ್ಯಕ್ಕೆ ಆರೋಗ್ಯವಂತ, ತೀರ ವಯಸ್ಸಾಗದ ಗಂಡಸರು ಮಾತ್ರ.

ಪ್ರತಿ ಅಂಶಕ್ಕೂ ಒಂದೇ ಪ್ರಶ್ನೆ ಕೇಳಿ: ಕೋಪ ಬಂದ ಗುಂಪಿಗೆ ಇದು ಹೊಳೆಯುತ್ತದಾ? ಬೆಂಕಿ ಹಚ್ಚುವವನಿಗೆ ಕಡತ ಯಾಕೆ ಬೇಕು? ಸಿಟ್ಟಿಗೆ ಜೈಲಿನ ಜಾಗದ ಲೆಕ್ಕ ಯಾಕೆ? ಫಾಸಾನೆನ್ ರಸ್ತೆಯಲ್ಲಿ ನೋಡಿದ ನೀರಿನ ಪೈಪು ಇಲ್ಲಿ ಎರಡನೆಯ ಸಾಲಿನಲ್ಲಿ ಸಿಗುತ್ತದೆ. ಅದನ್ನು ನೀವು ಹೇಳಬೇಡಿ, ಅವರೇ ಕಂಡುಹಿಡಿಯಲಿ. ಸಾಮಾನ್ಯವಾಗಿ ಗುಂಪಿನಲ್ಲಿ ಸುಮ್ಮನಿದ್ದವರೇ ಕಂಡುಹಿಡಿಯುತ್ತಾರೆ.

ಬಿಲ್ ಯಾರಿಗೆ ಬಂತು

ಈಗ ಎದ್ದು ಪಕ್ಕದ ವಿಲ್ಹೆಲ್ಮ್ ರಸ್ತೆಗೆ ತಿರುಗಿ. ಬೂದು ಬಣ್ಣದ, ಮುಗಿಯದಷ್ಟು ಕಿಟಕಿಗಳ ದೊಡ್ಡ ಕಟ್ಟಡ ಕಾಣುತ್ತದೆ. ಆಗ ಅದು ಹಿಟ್ಲರ್‌ನ ಬಲಗೈಯಂತಿದ್ದ ಮಂತ್ರಿ ಗೋರಿಂಗ್‌ನ ವಾಯುಯಾನ ಸಚಿವಾಲಯ. ಈಗ ಜರ್ಮನಿಯ ಹಣಕಾಸು ಸಚಿವಾಲಯ. ಒಳಗೆ ಬಿಡುವುದಿಲ್ಲ, ಹೊರಗೆ ನಿಂತರೆ ಸಾಕು. ಪ್ರವಾಸಿಗರು ಯಾರೂ ಇಲ್ಲಿ ಈ ಕಾರಣಕ್ಕೆ ನಿಲ್ಲುವುದಿಲ್ಲ. ನನ್ನ ದಾರಿಯಲ್ಲಿ ಮುಖ್ಯ ಜಾಗ ಇದೇ.

ನವೆಂಬರ್ 12, ಶನಿವಾರ, ಇಲ್ಲಿ ಒಂದು ಸಭೆ ನಡೆಯಿತು. ಗೋರಿಂಗ್ ಅಧ್ಯಕ್ಷ. ಗೊಬೆಲ್ಸ್, ಹೈಡ್ರಿಖ್, ಮಂತ್ರಿಗಳು, ಅಧಿಕಾರಿಗಳು. ಶೀಘ್ರಲಿಪಿಯಲ್ಲಿ ಬರೆದುಕೊಂಡ ವರದಿಯ ದೊಡ್ಡ ಭಾಗ ಉಳಿದಿದೆ. ಗೋರಿಂಗ್‌ಗೆ ಸಿಟ್ಟು ಬಂದಿತ್ತು. ಜನ ಸತ್ತರು ಅಂತ ಅಲ್ಲ, ಮಾಲು ಹಾಳಾಯಿತು ಅಂತ. ಇಷ್ಟೊಂದು ಬೆಲೆಯ ವಸ್ತು ನಾಶ ಮಾಡುವ ಬದಲು 200 ಯಹೂದಿಗಳನ್ನು ಹೊಡೆದು ಕೊಂದಿದ್ದರೆ ಚೆನ್ನಾಗಿತ್ತು ಅಂತ ಅವನು ಅಂದದ್ದು ದಾಖಲೆಯಲ್ಲಿದೆ.

ಆ ಸಭೆಗೆ ವಿಮೆ ಕಂಪನಿಗಳ ಪರವಾಗಿ ಎಡುವಾರ್ಡ್ ಹಿಲ್‌ಗಾರ್ಡ್ ಎಂಬುವರನ್ನು ಕರೆಸಿದ್ದರು. ನಾನು ಇಷ್ಟು ಹೇಳುವಷ್ಟರಲ್ಲಿ ಮಾವ ನೋಟ್‌ಬುಕ್ ತೆಗೆದರು. "ಗಾಜಿನ ಕ್ಲೇಮ್ ಎಷ್ಟು?" ಸುಮಾರು 60 ಲಕ್ಷ ಮಾರ್ಕ್. "ಗಾಜು ಎಲ್ಲಿಂದ ಬರ್ತಿತ್ತು?" ಬೆಲ್ಜಿಯಂನಿಂದ. ಒಡೆದ ಅಂಗಡಿ ಗಾಜನ್ನು ತುಂಬಿಸಲು ಬೆಲ್ಜಿಯಂನ ಗಾಜಿನ ಉದ್ಯಮದ ಅರ್ಧ ವರ್ಷದ ಉತ್ಪಾದನೆ ಬೇಕು ಅಂತ ಹಿಲ್‌ಗಾರ್ಡ್ ಹೇಳಿದ್ದ. ಅದಕ್ಕೆ ವಿದೇಶಿ ಹಣ ಕೊಡಬೇಕು, ಗೋರಿಂಗ್‌ಗೆ ಆ ಹಣ ಶಸ್ತ್ರಕ್ಕೆ ಬೇಕು. "ಕಟ್ಟಡದ ಮಾಲೀಕರು ಯಾರು?" ಇದು ಸರ್ವೇಯರ್‌ಗೆ ಮಾತ್ರ ಹೊಳೆಯುವ ಪ್ರಶ್ನೆ. ಎಷ್ಟೋ ಕಡೆ ಅಂಗಡಿ ಯಹೂದಿಯದು, ಕಟ್ಟಡ ಮತ್ತು ಗಾಜು ಯಹೂದಿಯಲ್ಲದ ಜರ್ಮನ್‌ನದು. ತಮ್ಮದೇ ಜನರ ಗಾಜು ಒಡೆದಿದ್ದರು. ಉಂಟರ್ ಡೆನ್ ಲಿಂಡೆನ್‌ನ ಒಂದು ಒಡವೆ ಅಂಗಡಿಯ ವಿಮೆ ಒಂದೇ 17 ಲಕ್ಷ ಮಾರ್ಕ್.

"ಹಾಗಾದ್ರೆ ಕಂಪನಿ ದುಡ್ಡು ಕೊಡ್ತಾ, ಇಲ್ವಾ?" ಮಾವನ ಧ್ವನಿ ಏರಿತ್ತು.

ಕೊಡಬೇಕಾಗಿತ್ತು. ಕೊಡದಿದ್ದರೆ ಹೊರದೇಶದಲ್ಲಿ ಜರ್ಮನ್ ವಿಮೆಯನ್ನು ಯಾರೂ ನಂಬುವುದಿಲ್ಲ ಅಂತ ಹಿಲ್‌ಗಾರ್ಡ್ ವಾದಿಸಿದ. ಸಭೆ ಮುಗಿಯುವಷ್ಟರಲ್ಲಿ ದಾರಿ ಸಿಕ್ಕಿತು, ಅದೇ ತಾರೀಕಿಗೆ ಆಜ್ಞೆಗಳೂ ಹೊರಬಿದ್ದವು. ಯಹೂದಿಗಳಿಗೆ ಬರಬೇಕಾದ ವಿಮೆ ಹಣವನ್ನು ಸರಕಾರ ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಒಡೆದ ಅಂಗಡಿ, ಮನೆಗಳನ್ನು ಯಹೂದಿಗಳೇ ತಮ್ಮ ಖರ್ಚಿನಲ್ಲಿ ಕೂಡಲೇ ರಿಪೇರಿ ಮಾಡಬೇಕು. ಅದರ ಮೇಲೆ ಇಡೀ ಸಮುದಾಯಕ್ಕೆ 100 ಕೋಟಿ ಮಾರ್ಕ್ ದಂಡ. 1939ರ ಜನವರಿ 1ರಿಂದ ಅಂಗಡಿ, ಕಸುಬು ನಡೆಸುವಂತಿಲ್ಲ. ಮೂರೇ ದಿನಕ್ಕೆ ಮಕ್ಕಳನ್ನು ಜರ್ಮನ್ ಶಾಲೆಗಳಿಂದ ಹೊರಗೆ ಹಾಕಿದರು.

ದಂಡ ವಸೂಲಿ ಹೇಗೆ ಅನ್ನುವುದನ್ನೂ ಬಿಡಿಸಿ ಹೇಳಿ. ಆಸ್ತಿಯ ಶೇಕಡಾ 20, ನಾಲ್ಕು ಕಂತು. ಮೊದಲನೆಯದು ಡಿಸೆಂಬರ್ 15ಕ್ಕೇ. ಯಾರ ಆಸ್ತಿ ಎಷ್ಟು ಅಂತ ಇಷ್ಟು ಬೇಗ ಹೇಗೆ ಗೊತ್ತಾಯಿತು? ಅದೇ ವರ್ಷ ಏಪ್ರಿಲ್ 26ರ ಆಜ್ಞೆ: 5,000 ಮಾರ್ಕ್ ಮೇಲಿನ ಆಸ್ತಿ ಇರುವ ಪ್ರತಿ ಯಹೂದಿಯೂ ಪಟ್ಟಿ ಬರೆದು ಕೊಡಬೇಕು. ಪಟ್ಟಿ ತಿಂಗಳುಗಳ ಮೊದಲೇ ಕಪಾಟಿನಲ್ಲಿತ್ತು.

ಮಾವ ಬರೆಯುವುದು ನಿಲ್ಲಿಸಿದರು. ನೋಟ್‌ಬುಕ್ಕಿನಲ್ಲಿ ನಷ್ಟ ಆದವರು ಅಂತ ಬರೆದು, ಅದರ ಕೆಳಗೇ ಹಣ ಕೊಡುವವರು ಅಂತ ಬರೆದು, ಎರಡಕ್ಕೂ ಒಂದೇ ಹೆಸರು ಬರೆದಿದ್ದರು. "ಮೂವತ್ತು ವರ್ಷದಲ್ಲಿ ಇಂಥ ಫೈಲ್ ನೋಡಿಲ್ಲ" ಅಂದರು. ಕಟ್ಟಡದ ಕಡೆ ನೋಡಿದರು. "ಈಗ ಹಣಕಾಸು ಆಫೀಸೇನಾ?"

ಹೌದು ಅಂದೆ.

ಅದೇ ಸಭೆಯಲ್ಲಿ ರೈಲಿನಲ್ಲಿ ಯಹೂದಿಗಳಿಗೆ ಬೇರೆ ಡಬ್ಬಿ ಬೇಕಾ, ಪಾರ್ಕಿನಲ್ಲಿ ಬೇರೆ ಬೆಂಚು ಬೇಕಾ ಅಂತಲೂ ಚರ್ಚೆ ಆಯಿತು. ಬೆಳಗ್ಗೆ ಕೂತಿದ್ದ ಬೆಂಚು ನೆನಪಿದೆ ಅಲ್ವಾ?

ಒಬ್ಬ ಪೊಲೀಸ್

ಪೋಟ್ಸ್‌ಡಾಮರ್ ಪ್ಲಾಟ್ಸ್‌ನಿಂದ ಎಸ್1 ಅಥವಾ ಎಸ್2ರಲ್ಲಿ ಒರಾನಿಯನ್‌ಬುರ್ಗರ್ ಶ್ಟ್ರಾಸೆಗೆ ಹೋಗಿ. ಬಂಗಾರದ ಬಣ್ಣದ ಗುಮ್ಮಟ ದೂರದಿಂದಲೇ ಕಾಣುತ್ತದೆ. 1866ರಲ್ಲಿ ತೆರೆದ ಹೊಸ ಸಿನಗಾಗ್, 3,000ಕ್ಕೂ ಹೆಚ್ಚು ಜನ ಕೂರುವಂಥದ್ದು. ಆ ರಾತ್ರಿ ಇಲ್ಲಿಗೂ ಬೆಂಕಿ ಹಚ್ಚುವವರು ಬಂದರು. ಹತ್ತಿರದ ಹಾಕೆಷರ್ ಮಾರ್ಕ್ಟ್ ಠಾಣೆಯ ಪೊಲೀಸರು ಬಂದು, ಇದು ಕಾನೂನು ರಕ್ಷಣೆ ಇರುವ ಕಟ್ಟಡ ಅಂತ ಕಾಗದ ತೋರಿಸಿ ಓಡಿಸಿದರು, ಅಗ್ನಿಶಾಮಕದವರನ್ನೂ ಕರೆಸಿ ಬೆಂಕಿ ಆರಿಸಿದರು. ಠಾಣಾಧಿಕಾರಿ ವಿಲ್ಹೆಲ್ಮ್ ಕ್ರುಟ್ಸ್‌ಫೆಲ್ಡ್ ಹೆಸರಿನಲ್ಲಿ ಗೋಡೆಗೆ ಫಲಕ ಇದೆ. ಸ್ಥಳಕ್ಕೆ ಬಂದವರು ಅವರ ಕೈಕೆಳಗಿನ ಓಟೋ ಬೆಲ್‌ಗಾರ್ಟ್ ಎಂದು ಆಮೇಲೆ ಗೊತ್ತಾಯಿತು. ಆ ಮೇಲೆ ಮೇಲಧಿಕಾರಿಯ ಮುಂದೆ ನಿಂತು ಬೈಸಿಕೊಂಡವರು ಕ್ರುಟ್ಸ್‌ಫೆಲ್ಡ್. ಬೈಸಿಕೊಂಡರು, ಅಷ್ಟೇ. ಕೆಲಸ ಹೋಗಲಿಲ್ಲ.

ಇಲ್ಲಿ ಜನಕ್ಕೆ ಸಮಾಧಾನ ಆಗುತ್ತದೆ, ಒಳ್ಳೆಯವರೂ ಇದ್ದರಲ್ಲ ಅಂತ. ನಾನು ಒಳಗೆ ಕರೆದುಕೊಂಡು ಹೋಗಿ ಹಿಂಭಾಗ ತೋರಿಸುತ್ತೇನೆ. ಬ್ಯಾಗ್ ತಪಾಸಣೆ ವಿಮಾನ ನಿಲ್ದಾಣದ ಹಾಗೆ ಇರುತ್ತದೆ. ಹಿಂದೆ ದೊಡ್ಡ ಸಭಾಂಗಣ ಇದ್ದ ಜಾಗ ಖಾಲಿ. 1943ರ ಬಾಂಬ್ ದಾಳಿಯಲ್ಲಿ ಹಾಳಾಯಿತು, 1958ರಲ್ಲಿ ಕೆಡವಿದರು. ನೆಲದ ಮೇಲೆ ಗೋಡೆಯ ಗುರುತು ಮಾತ್ರ ಇದೆ. ಕಟ್ಟಡವನ್ನು ಉಳಿಸಿದರು. ಅದರೊಳಗೆ ಕೂರುತ್ತಿದ್ದವರನ್ನು ಯಾರೂ ಉಳಿಸಲಿಲ್ಲ.

ಕೊನೆಯ ರೈಲು

ಹಾಕೆಷರ್ ಮಾರ್ಕ್ಟ್‌ಗೆ ನಡೆದು ಎಸ್7 ಹಿಡಿಯಿರಿ, ನೇರ ಗ್ರುನೆವಾಲ್ಡ್. ದಾರಿಯಲ್ಲಿ ಫ್ರೀಡ್ರಿಖ್‌ಶ್ಟ್ರಾಸೆಯಲ್ಲಿ ಇಳಿದು ಒಂದು ನಿಮಿಷ ಹೊರಗೆ ಬಂದರೆ ಕಂಚಿನ ಮಕ್ಕಳ ಪ್ರತಿಮೆ ಇದೆ. ಆ ನವೆಂಬರ್ ನಂತರ ಬ್ರಿಟನ್ ಸುಮಾರು 10,000 ಮಕ್ಕಳನ್ನು ತಂದೆತಾಯಿ ಇಲ್ಲದೆ ಒಳಗೆ ಬಿಟ್ಟುಕೊಂಡಿತು. ಹಾಗೆ ಹೋದ ಒಬ್ಬ ಹುಡುಗ, ಫ್ರಾಂಕ್ ಮೈಸ್ಲರ್, ದೊಡ್ಡವನಾಗಿ ಮಾಡಿದ ಪ್ರತಿಮೆ ಅದು. ಹೊತ್ತಿಲ್ಲದಿದ್ದರೆ ಬಿಡಿ.

ಗ್ರುನೆವಾಲ್ಡ್ ನಿಲ್ದಾಣದಲ್ಲಿ ಗ್ಲೈಸ್ 17 ಎಂಬ ಬಾಣದ ಗುರುತು ಹಿಡಿದು ಹೋಗಿ. ಹದಿನೇಳನೇ ಪ್ಲಾಟ್‌ಫಾರ್ಮ್. ಬರ್ಲಿನ್‌ನ ಯಹೂದಿಗಳನ್ನು ಗಡೀಪಾರು ಮಾಡಿದ ರೈಲುಗಳು ಹೊರಟದ್ದು ಇಲ್ಲಿಂದ. ಹಳಿಯ ಎರಡೂ ಬದಿ 186 ಉಕ್ಕಿನ ಹಾಸುಗಳು. ಪ್ರತಿಯೊಂದರ ಅಂಚಿನಲ್ಲಿ ತಾರೀಕು, ಎಷ್ಟು ಜನ, ಎಲ್ಲಿಗೆ. ಮೊದಲನೆಯದು 18.10.1941, 1,251 ಯಹೂದಿಗಳು, ಪೋಲೆಂಡಿನ ವುಡ್ಜ್. ಹಳಿಯ ಮಧ್ಯೆ ಮರ ಬೆಳೆದಿದೆ. ಇಲ್ಲಿಂದ ಇನ್ನು ಯಾವ ರೈಲೂ ಹೋಗುವುದಿಲ್ಲ.

ಇಲ್ಲಿ ನಾನು ಏನೂ ವಿವರಿಸುವುದಿಲ್ಲ. ಒಂದು ಬದಿಯಿಂದ ಶುರು ಮಾಡಿ, ತಾರೀಕು ಓದುತ್ತ, ಸುತ್ತಿ ಬನ್ನಿ ಅನ್ನುತ್ತೇನೆ. ಕೇಳಿದರೆ ಮಾತ್ರ ಲೆಕ್ಕದ ಉಳಿದ ಭಾಗ ಹೇಳುತ್ತೇನೆ. ಹೊರಡುವ ಮೊದಲು ಪ್ರತಿ ಮನೆಯವರೂ ಆಸ್ತಿಯ ಫಾರಂ ತುಂಬಬೇಕಿತ್ತು, ಪಾತ್ರೆ, ಬಟ್ಟೆ ಎಲ್ಲ ಬರೆದು. ಗಡಿ ದಾಟಿದ ಕೂಡಲೇ ಅಷ್ಟೂ ಸರಕಾರಕ್ಕೆ. ರೈಲ್ವೆ ಇಲಾಖೆ ತಲೆಗೆ ಇಷ್ಟು, ಕಿಲೋಮೀಟರಿಗೆ ಇಷ್ಟು ಅಂತ ಮೂರನೇ ದರ್ಜೆಯ ದರ ಹಾಕುತ್ತಿತ್ತು. ಮಕ್ಕಳಿಗೆ ಅರ್ಧ.

ಮಾವ ಕೇಳಲಿಲ್ಲ. ಒಂದು ತುದಿಯಿಂದ ಸಂಖ್ಯೆಗಳನ್ನು ಬರೆಯುತ್ತ ಬಂದರು, ಒಂದರ ಕೆಳಗೆ ಒಂದು, ಕೂಡಲು ಅನುಕೂಲವಾಗುವ ಹಾಗೆ. ಬೆಳಕು ಹೋಗುತ್ತಿತ್ತು. ಎದುರಿನ ತುದಿಯಲ್ಲಿ ಫೋನಿನ ಟಾರ್ಚ್ ಹಿಡಿದು ಬಗ್ಗಿ ನಿಂತರು. ನಾನು ಹತ್ತಿರ ಹೋದೆ. 27.3.1945, 18 ಯಹೂದಿಗಳು, ಥೆರೇಸಿಯನ್‌ಶ್ಟಾಟ್.

"ಯುದ್ಧ ಮುಗಿದಿದ್ದು ಯಾವಾಗಮ್ಮ?"

"ಮೇ 8, ಮಾವ."

ಆರು ವಾರ ಅಂತ ಬರೆದುಕೊಂಡರು. ಕೂಡಲಿಲ್ಲ. ನೋಟ್‌ಬುಕ್ ಮುಚ್ಚಿ ಒಳಜೇಬಿಗೆ ಹಾಕಿಕೊಂಡರು. ಊರಿಗೆ ಮರಳುವ ಎಸ್7 ಹತ್ತು ನಿಮಿಷಕ್ಕೊಂದು ಬರುತ್ತದೆ. ನಾವು ಎರಡನ್ನು ಬಿಟ್ಟು ಮೂರನೆಯದಕ್ಕೆ ಹತ್ತಿದೆವು.